ಹುಲಿಗಿಗೆ ಹೋಗಿ ಬಂದ ಪೈಪು

ಕುಷ್ಟಗಿ ಇನ್ನೂ ಇಪ್ಪತ್ತು ಕಿಲೋಮೀಟರ್ ಇರುವಾಗ ಯಮನೂರನ ಹಳೆಯ ವ್ಯಾನಿನ ಸೀಟಿನಡಿಯಿಂದ ಬಿಳಿ ಹಬೆ ಬುಸ್ಸೆಂದು ಎದ್ದಿತು. ಅವನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ ಕಸ್ತೂರೆಮ್ಮ ಇಳಿದು ಹಿಂದಿನ ಬಾಗಿಲು ತೆರೆದಾಗಿತ್ತು. ಆಕ್ಸಿಜನ್ ತುಂಬಿದ ಇಪ್ಪತ್ತು ಪ್ಲಾಸ್ಟಿಕ್ ಚೀಲಗಳು ಉಬ್ಬಿಕೊಂಡು ಕೂತಿದ್ದವು. ಒಳಗೆ ಉಗುರಿನಷ್ಟು ಮೀನಿನ ಮರಿಗಳು ಮಿಣಮಿಣ ಓಡಾಡುತ್ತಿದ್ದವು.

"ಜೀವ ಅದಾವು. ಆದ್ರ ಟೈಮ್ ನೋಡು, ಒಂಬತ್ತೂವರಿ. ಮುನಿರಾಬಾದಿನ್ಯಾಗ ಚೀಲ ಕಟ್ಟಿಕೊಟ್ಟಾವ ಏನಂದ? ಹನ್ನೆರಡರೊಳಗ ಕೆರಿ ನೀರು ಕಾಣಸ್ರಿ ಅಂದ," ಎಂದಳು.

ಊರ ಕೆರೆ ಈ ವರ್ಷ ಮೊದಲ ಸಲ ಕಸ್ತೂರೆಮ್ಮನ ಹೆಂಗಸರ ಸಂಘದ ಕೈಗೆ ಬಂದಿತ್ತು. ಹೆಣ್ಣುಮಕ್ಕಳು ಮೀನು ಸಾಕುವುದನ್ನೂ ನೋಡಿಬಿಡೋಣ ಎಂದು ಊರಬಾಗಿಲ ಅಗಸಿ ಕಟ್ಟೆಯಲ್ಲಿ ಕೂರುವ ಗಂಡಸರು ಮೀಸೆಯಡಿ ನಕ್ಕಿದ್ದರು. ಮರಿ ಸಿಗುವುದು ವರ್ಷಕ್ಕೊಮ್ಮೆ. ದಾರಿಯಲ್ಲೇ ಸತ್ತರೆ ಆ ನಗುವನ್ನು ಮುಂದಿನ ಮಳೆಗಾಲದವರೆಗೂ ಕೇಳಬೇಕಿತ್ತು.

ಯಮನೂರ ಸೀಟು ಎತ್ತಿದ. ಮುಂದಿನ ರೇಡಿಯೇಟರಿಗೂ ಸೀಟಿನಡಿಯ ಇಂಜಿನ್ನಿಗೂ ನಡುವೆ ನೀರು ಹರಿಸುವ ಉದ್ದನೆಯ ಪೈಪಿಗೆ ಆಗಲೇ ಮೂರು ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಈಗ ಒಡೆದದ್ದು ನಾಲ್ಕನೆಯ ಕಡೆ.

"ಹೊಸಾ ಪೈಪ್ ತಾರೋ, ತಾರೋ ಅಂತ ಯುಗಾದಿಯಿಂದ ಬಡಕೊಂಡೆ."

"ತಂದೀನಲ್ರಿ ಅಕ್ಕಾರ."

"ಎಲ್ಲೈತಿ?"

ಯಮನೂರ ಅವಳ ಮುಖ ನೋಡಲಿಲ್ಲ. ಹಿಂದಿನ ಸೀಟಿನ ಕೆಳಗೆ ಕೈ ಹಾಕಿ, ಹಸಿರು ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಎಳೆದ. ಎರಡು ಪೈಪು, ನಾಲ್ಕು ರಬ್ಬರ್ ತುಂಡು, ಎಂಟು ಕ್ಲಿಪ್ಪು. ಎಲ್ಲಕ್ಕೂ ಅರಿಷಿಣ, ಕುಂಕುಮ. ಜೊತೆಗೊಂದು ಒಣಗಿದ ನಿಂಬೆಹಣ್ಣು.

"ಹುಣ್ಣಿವಿಗೆ ಹುಲಿಗಿಗೆ ಒಯ್ದು ಅಮ್ಮನ ಪಾದಕ್ಕ ಮುಟ್ಟಿಸ್ಕೊಂಡು ಬಂದೀನ್ರಿ. ಅಮಾಸಿ ದಿನ ಕೂಡಸ್ಬೇಕಂತ... ಇನ್ನ ನಾಕ ದಿನ ಐತ್ರಿ."

ಕಸ್ತೂರೆಮ್ಮ ಕೈಗೆ ಸೆರಗು ಸುತ್ತಿಕೊಳ್ಳತೊಡಗಿದಳು. "ಎಲಾ ಇವನ! ಮದುಮಗಳ್ನ ಬಗಲಾಗ ಕುಂದ್ರಿಸ್ಕೊಂಡು ಹೆಣ್ಣ ಹುಡುಕಾಕ ಹೊಂಟಾವ್ನಂಗಾತು! ತಾಯಿನೇ ಮುಟ್ಟಿ ಕೊಟ್ಟ ಮ್ಯಾಲ ಯಾ ಅಮಾಸಿ ಕಾಯ್ತಿ? ಹಚ್ಚು!"

ಅಂದವಳೇ ಸೆರಗು ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಹಾಕಿದಳು. ಯಮನೂರ ಗಬಕ್ಕನೆ ಅವಳ ಮುಂಗೈ ಹಿಡಿದ.

"ಬ್ಯಾಡ್ರಿ! ಬಿಸಿ ಇದ್ದಾಗ ಬಾಯಿ ತೆಗೀಬಾರ್ದು. ಮಾರಿಗೆ ಹಾರತೈತಿ. ಕಾಯಬೇಕು."

"ಎಷ್ಟೊತ್ತು?"

"ಅರ್ಧ ತಾಸು."

ಆ ಅರ್ಧ ತಾಸು ಕಸ್ತೂರೆಮ್ಮ ನಿಂತಲ್ಲಿ ನಿಲ್ಲಲಿಲ್ಲ. ಪಕ್ಕದ ಹೊಲದ ಬೋರಿನಿಂದ ನಾಲ್ಕು ಕ್ಯಾನು ನೀರು ಹೊತ್ತು ತಂದಳು. ಕೌದಿ ತೋಯಿಸಿ ಚೀಲಗಳ ಮೇಲೆ ಹೊದಿಸಿದಳು. ಸಂಘದ ಶಾಂತಕ್ಕ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಕಸ್ತೂರೆಮ್ಮ "ಬಂದ್ವಿ, ಬಂದ್ವಿ" ಎಂದಳು. ಇಂಜಿನ್ನು ತಣಿದ ಮೇಲೆ ಯಮನೂರ ಗಾಡಿಯ ಕೆಳಗೆ ತೂರಿ ಹಳೆಯ ಪೈಪು ಬಿಚ್ಚಿದ. ಒಳಗೆ ಬೋರಿನ ನೀರಿನ ಸುಣ್ಣ ಗಟ್ಟಿಯಾಗಿ, ಕಿರುಬೆರಳೂ ಹೋಗದಂತಿತ್ತು. ಹೊಸ ರಬ್ಬರು ಪೈಪಿನ ಮೇಲೆ ಏರಲೊಲ್ಲದು. ಕಸ್ತೂರೆಮ್ಮ ರೊಟ್ಟಿಯ ಗಂಟಿನಿಂದ, ಚಟ್ನಿಪುಡಿಗೆಂದು ತಂದ ಎಣ್ಣೆಯ ಬಾಟಲಿ ಚಾಚಿದಳು. ಎರಡು ಹನಿ ಹಚ್ಚಿದ್ದೇ ರಬ್ಬರು ಸರಕ್ಕನೆ ಕೂತಿತು. ಕೆಳಗಿನಿಂದ ಎದ್ದು ಬಂದ ಯಮನೂರನ ಅಂಗಿ, ಮೂಗು, ಕಿವಿ ಎಲ್ಲ ಕುಂಕುಮ.

ರೇಡಿಯೇಟರಿನ ಬಾಯಿ ತೆರೆದೇ ಇಟ್ಟು ನೀರು ತುಂಬಿ, ಗಾಡಿ ಚಾಲೂ ಮಾಡಿದರು. ಎರಡೇ ಕ್ಯಾನಿಗೆ ಬಾಯಿಮಟ ಬಂದ ನೀರು ಕೆಳಗಿಳಿಯಲಿಲ್ಲ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾತ್ರ ಕೆಂಪಿನ ಕಡೆಗೆ ಏರತೊಡಗಿತು. ಯಮನೂರ ಚಾವಿ ತಿರುಗಿಸಿ ಬಂದ್ ಮಾಡಿದ. ಅವನ ದನಿ ಇಳಿದಿತ್ತು. "ಹೇಳಿದ್ನಿಲ್ರಿ? ಅಮಾಸಿ ಆಗ್ಲಿಲ್ಲ."

ಕಸ್ತೂರೆಮ್ಮ ಪೈಪಿನ ಎರಡೂ ತುದಿ ಮುಟ್ಟಿ ನೋಡಿದಳು. "ಈ ಕಡಿ ಸುಡ್ತೈತಿ, ಆ ಕಡಿ ತಣ್ಣಗ ಐತಿ. ಅಮಾಸಿ ಅಲ್ಲೋ ತಮ್ಮಾ, ನಡುವ ಗಾಳಿ ಕುಂತೈತಿ! ನಮ್ಮ ಪಂಪ್‌ಸೆಟ್ಟಿಗೂ ಹಿಂಗ ಆಕ್ಕಿತ್ತು. ಗಾಡಿ ಮೂತಿ ಮ್ಯಾಲ ಮಾಡು."

ಹೊಲಕ್ಕೆ ಹೋಗುವ ದಿಬ್ಬಕ್ಕೆ ವ್ಯಾನಿನ ಮುಂದಿನ ಗಾಲಿ ಹತ್ತಿಸಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ರೇಡಿಯೇಟರಿನ ಬಾಯಲ್ಲಿ ಒಂದು ಗುಳ್ಳೆ ಒಡೆಯಿತು. ಮತ್ತೊಂದು. ಗುಳುಗುಳು ಎಂದು ಹತ್ತಾರು ಗುಳ್ಳೆಗಳೆದ್ದು, ನೀರು ಗಟಕ್ಕನೆ ಕೆಳಗಿಳಿಯಿತು.

"ಕುಡೀತು! ಕುಡೀತು!" ಕಸ್ತೂರೆಮ್ಮ ಚಪ್ಪಾಳೆ ತಟ್ಟಿದಳು. ಉಳಿದೆರಡು ಕ್ಯಾನನ್ನೂ ಗಾಡಿ ಕುಡಿಯಿತು. ಪೈಪಿನ ಎರಡೂ ತುದಿ ಒಂದೇ ಬಿಸಿಯಾದವು, ಮುಳ್ಳು ನಡುವಿಗೆ ಇಳಿದು ನಿಂತಿತು. ಯಮನೂರ ಮುಚ್ಚಳ ತಿರುವಿ, ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು, ಹಾರ್ನು ಬಾರಿಸುತ್ತ ಹೊರಟ.

ಕೆರೆಯ ಏರಿ ಮುಟ್ಟಿದಾಗ ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ. ಶಾಂತಕ್ಕನೂ ಸಂಘದವರೂ "ಬಂತು ಬಂತು" ಎಂದು ಕೂಗುತ್ತ ಓಡಿ ಬಂದು ಚೀಲ ಇಳಿಸಿಕೊಂಡರು. ಅಗಸಿ ಕಟ್ಟೆಯ ಗಂಡಸರೂ ತುಸು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಎಲ್ಲರಿಗಿಂತ ಮೊದಲು ನೀರಿಗೆ ಹಾರಿದವನು ಯಮನೂರ. ಚೀಲದ ಬಾಯಿಗೆ ಬಿಗಿದ ರಬ್ಬರಿಗೆ ಹಲ್ಲು ಹಚ್ಚಿದ್ದ.

ಕಸ್ತೂರೆಮ್ಮ ಗಬಕ್ಕನೆ ಅವನ ಮುಂಗೈ ಹಿಡಿದಳು. "ಬ್ಯಾಡ! ಬಿಸಿ ಇದ್ದಾಗ ಬಾಯಿ ತೆಗೀಬಾರ್ದು. ಚೀಲದ ನೀರು ಬ್ಯಾರೆ, ಕೆರಿ ನೀರು ಬ್ಯಾರೆ. ಎರಡೂ ಒಂದ ಆಗಬೇಕು. ಹಂಗ ತೇಲಿಬಿಡು, ಕಾಯಬೇಕು."

"ಅಮಾಸಿ ತನಕಾನೇನ್ರಿ?"

"ಕಾಲು ತಾಸು."

ಇಪ್ಪತ್ತು ಚೀಲಗಳು ಸಾಲಾಗಿ ತೇಲಿದವು. ಕಸ್ತೂರೆಮ್ಮ ಸೊಂಟಮಟ ನೀರಿನಲ್ಲಿ ನಿಂತು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಒಂದೊಂದೇ ಚೀಲದ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಏರಿಯ ಮೇಲೆ ನಗಲೆಂದು ಬಂದವರೂ ಕಟ್ಟಿದ ಕೈ ಬಿಚ್ಚಿ, ಮೊಬೈಲು ತೆಗೆದು, ಕಾಲು ತಾಸು ಎಣಿಸತೊಡಗಿದರು.