ಏಳನೆಯ ಸಾಲು

ಬೆಳಗ್ಗೆ ಹತ್ತು ನಲವತ್ತು. ಬಾಟಲಿಯಲ್ಲಿ ಮೂವತ್ತು ಮಾತ್ರೆ ಇರಬೇಕಿತ್ತು, ಇಪ್ಪತ್ತಾರು ಇದ್ದವು.

ಎಣಿಸಿದವಳು ಚಿತ್ರೀಕರಣದ ಸಾಮಾನು ನೋಡಿಕೊಳ್ಳುವ ಹೆಂಗಸು. ಏಳು ಗಂಟೆಗೆ ಬಾಕ್ಸಿಂಗ್ ರಿಂಗಿನ ಮೂಲೆಯ ಸ್ಟೂಲಿನ ಮೇಲಿಟ್ಟಾಗ ಲೆಕ್ಕ ಸರಿಯಿತ್ತು. ಸಕ್ಕರೆ ಮಾತ್ರೆ ಇಟ್ಟರೆ ಸಾಕೆಂದು ಅವಳು ಮೊದಲೇ ಹೇಳಿದ್ದಳು. ನಿರ್ದೇಶಕಿ ಒಪ್ಪಿರಲಿಲ್ಲ. ಸಾಕ್ಷ್ಯಚಿತ್ರದಲ್ಲಿ ಸುಳ್ಳು ಇರಬಾರದು, ನಿಜವಾದ ನೋವಿನ ಮಾತ್ರೆಯೇ ಬೇಕು ಎಂದಿದ್ದಳು.

ಎಲ್ಲರ ಕಣ್ಣೂ ಬಾಕ್ಸರನ ಕಡೆ ಹೊರಳಿದವು. ಚಿತ್ರವೇ ಅವನದು: ಭುಜದ ನೋವಿಗೆಂದು ಹಿಡಿದ ಮಾತ್ರೆ, ಮೂಗು ತುರಿಸಿಕೊಳ್ಳುತ್ತಲೇ ಕಳೆದ ಆರು ವರ್ಷದ ಗೀಳು, ಹನ್ನೊಂದು ತಿಂಗಳ ಬಿಡುಗಡೆ. ಈಗ ಇಲ್ಲೇ, ಅಕ್ಕನ ಬಾಕ್ಸಿಂಗ್ ಶಾಲೆಯಲ್ಲಿ, ನಲವತ್ತು ಮಕ್ಕಳಿಗೆ ಕಲಿಸುತ್ತಾನೆ. ಅಕ್ಕನ ಷರತ್ತು ಒಂದೇ. ಇನ್ನೊಂದು ಮಾತ್ರೆ ಮುಟ್ಟಿದ ದಿನ ಕೊರಳ ಸೀಟಿ ಕಳಚಿ ಅವಳ ಕೈಗೆ ಕೊಡಬೇಕು. ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ನಿರ್ದೇಶಕಿಯದು ದೊಡ್ಡ ಮನಸ್ಸು.

“ನಾಲ್ಕೇ ತಾನೆ, ಬಿಡಿ,” ಎಂದಳು. “ಮನುಷ್ಯ ಅಂದ್ಮೇಲೆ ಜಾರ್ತಾನೆ. ಇದನ್ನ ಎಳೆಯೋದು ಬೇಡ.”

ಅವಳಿಗೆ ಬೇರೆ ಚಿಂತೆಯೂ ಇತ್ತು. ಹಣ ಕೊಡುವ ಸಂಸ್ಥೆ, ಚಿತ್ರದಲ್ಲಿ ಯಾವ್ಯಾವ ಬಗೆಯ ಜನ ಇರಲೇಬೇಕೆಂಬ ಪ್ರಾತಿನಿಧ್ಯದ ಒಂದು ಪಟ್ಟಿ ಕಳಿಸಿತ್ತು. ಏಳು ಸಾಲು, ಅಂದೇ ಮಧ್ಯಾಹ್ನ ಹನ್ನೆರಡರ ಗಡುವು. ಒಂದು ಸಾಲು ಖಾಲಿ ಉಳಿದರೂ ಚಿತ್ರ ಅಲ್ಲಿಗೇ ನಿಲ್ಲುತ್ತಿತ್ತು. ಆರು ತುಂಬಿದ್ದವು. ಗಾಲಿಕುರ್ಚಿಯ ವೈದ್ಯರು, ಎಪ್ಪತ್ತು ದಾಟಿದ ಮಹಿಳಾ ತರಬೇತುದಾರರು, ಪರಭಾಷೆಯ ಮಾಲೀಸಿನವನು, ಹೀಗೆ ಎಲ್ಲರ ಸಂದರ್ಶನ ಮುಗಿಯಲು ನಾಲ್ಕು ದಿನ ಹಿಡಿದಿತ್ತು. ಬಾಕ್ಸರನಿಗೆ ಕರೆ ಬಂದದ್ದು ಐದನೆಯ ದಿನ. ಮದುವೆಗೆ ಎಲ್ಲರನ್ನೂ ಕರೆದು ಮದುಮಗನನ್ನು ಮರೆತರಂತೆ ಎಂದು ಅಕ್ಕ ನಕ್ಕಿದ್ದಳು.

ಏಳನೆಯ ಸಾಲು ಕಠಿಣವಾಗಿತ್ತು: ‘ಕ್ಯಾಮೆರಾದ ಹಿಂದೆ ದುಡಿಯುವವರಲ್ಲಿ ವ್ಯಸನವನ್ನು ಸ್ವತಃ ಬಲ್ಲವರು, ಕನಿಷ್ಠ ಒಬ್ಬರು.’ ಧ್ವನಿಗ್ರಾಹಕ ತನ್ನ ದಿನದ ಹನ್ನೆರಡು ಟೀಯನ್ನು ಮುಂದೊಡ್ಡಿದ. ನಡೆಯಲಿಲ್ಲ. ಬಾಕ್ಸರನನ್ನೇ ಸಲಹೆಗಾರನೆಂದು ಬರೆಯಲು ನಿರ್ದೇಶಕಿ ಬೆಳಗ್ಗೆ ಕೇಳಿದ್ದಳು.

“ನಾನು ಮುಂದೆ ಇರೋನು ಮೇಡಂ,” ಎಂದಿದ್ದ ಅವನು. “ಹಿಂದೆ ಇರೋರನ್ನ ಹಿಂದೇನೇ ಹುಡುಕಿ.” ಆಮೇಲೆ, ಸೊಂಟಕ್ಕೆ ಬೆನ್ನುನೋವಿನ ಬೆಲ್ಟ್ ಬಿಗಿದುಕೊಂಡೇ ನಿರ್ದೇಶಕಿ ಮೂರು ಸಲ ಹಗ್ಗದಡಿ ನುಸುಳಿ ರಿಂಗಿಗೆ ಹೋಗಿಬಂದದ್ದನ್ನು ನೋಡಿ, ಬೆನ್ನು ಹೇಗಿದೆಯೆಂದು ವಿಚಾರಿಸಿದ್ದ. ಹಿಂದಿನ ಚಿತ್ರದಲ್ಲಿ ಅವಳು ಏಣಿಯಿಂದ ಬಿದ್ದಿದ್ದಳು. ಈಗ ಆರಾಮ, ನೋವೇ ಇಲ್ಲ ಎಂದು ಅವಳು ಮೂಗು ಉಜ್ಜಿಕೊಂಡಿದ್ದಳು. ಶಾಲೆಯಲ್ಲಿ ಧೂಳು ಜಾಸ್ತಿ ಎಂದೂ ದೂರಿದ್ದಳು.

ಅಕ್ಕ ಬಿಡುವವಳಲ್ಲ. ಪ್ರತಿ ಸೋಮವಾರ ತಮ್ಮನ ಮೂತ್ರಪರೀಕ್ಷೆಗೆ ಬಳಸುವ ಕಪ್ಪುಗಳ ಡಬ್ಬ ತಂದು ಅವನ ಮುಂದೆ ಕುಕ್ಕಿದಳು. ಬಾಕ್ಸರ್ ಎರಡು ಕಪ್ ತೆಗೆದುಕೊಂಡ.

“ಎರಡ್ಯಾಕೋ?”

“ಒಂದು ಬಿದ್ರೆ ಇರ್ಲಿ ಅಂತ, ಅಕ್ಕಾ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಅಕ್ಕನಿಗೆ ಅನ್ನಿಸಿತು. ಅವನು ಪರೀಕ್ಷೆಗೆ ಹೋಗುವ ಬದಲು, ಎರಡು ನಿಮಿಷ ಮಾತಾಡಬೇಕೆಂದು ನಿರ್ದೇಶಕಿಯನ್ನು ಗ್ಲೌಸು ಇಡುವ ಕೋಣೆಗೆ ಕರೆದೊಯ್ದ. ಎರಡು ನಿಮಿಷ ಇಪ್ಪತ್ತಾಯಿತು. ಒಳಗೆ ಯಾರೋ ಬಿಕ್ಕಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಸಾಮಾನಿನ ಹೆಂಗಸು ಪಾಪ ಎಂದಳು. ಅಕ್ಕ ಕೈ ಚಾಚಿಕೊಂಡೇ ಬಾಗಿಲ ಬಳಿ ನಿಂತಳು.

ಬಾಕ್ಸರ್ ಹೊರಬಂದ. ಕಣ್ಣು ಒಣಗಿತ್ತು.

“ಸೀಟಿ ಕೊಡು.”

“ಐದು ನಿಮಿಷ ತಡಿ ಅಕ್ಕಾ.”

ಒಂದು ಕಪ್ ಹಿಡಿದು ಶೌಚಾಲಯಕ್ಕೆ ಹೋಗಿ ಬಂದ. ಕಪ್ಪಿನ ಪಟ್ಟಿಯಲ್ಲಿ ಮಾತ್ರೆ ಮುಟ್ಟದವರಿಗೆ ಎರಡು ಗೆರೆ ಮೂಡಬೇಕು. ಎರಡು ಮೂಡಿದವು. ಅಕ್ಕ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಚಾಚಿದ್ದ ಕೈಯಿಂದಲೇ ತಮ್ಮನ ತಲೆಗೊಂದು ಮೊಟಕಿದಳು. ಆಮೇಲೆ, ಎರಡನೆಯ ಕಪ್ ಎಲ್ಲಿ ಎಂದು ಕೇಳಿದಳು. ಅವನು ಗ್ಲೌಸಿನ ಕೋಣೆಯ ಮುಚ್ಚಿದ ಬಾಗಿಲ ಕಡೆ ಕಣ್ಣು ಹಾಯಿಸಿದ.

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಪಟ್ಟಿ ಹೋಯಿತು. ಏಳನೆಯ ಸಾಲಿನಲ್ಲಿ ನಿರ್ದೇಶಕಿ ತನ್ನ ಹೆಸರನ್ನೇ ಬರೆದಿದ್ದಳು.

ಸೋಮವಾರ ಬೆಳಗ್ಗೆ ಅಕ್ಕ ಕಿಟಕಿಯ ಕಟ್ಟೆಯ ಮೇಲೆ ಎರಡು ಕಪ್ ಇಟ್ಟಳು.