ಹೊಟ್ಟೆಗೆ ಕಟ್ಟದ ಸೀರೆ

ಕಪಾಟು ಝಾಡಿಸುವಾಗ ಅಜ್ಜಿಯ ಮೆತ್ತನೆ ಹತ್ತಿ ಸೀರೆ ಇವತ್ತು ಕೈಗೆ ಸಿಕ್ಕಿತು.

ಐದು ವರ್ಷದ ತಂಗಿಯ ಲಿವರಿನ ಗಡ್ಡೆಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿ ಅಪ್ಪ ಅವಳನ್ನು ಶಿರಸಿಗೆ ಕರೆತಂದ ಆ ಮಧ್ಯಾಹ್ನ ನೆನಪಾಯಿತು. ಬಾಣಂತಿಯರಿಗೆ ಕಟ್ಟುವಂತೆ ಅವಳ ಹೊಟ್ಟೆಗೂ ಬಿಗಿಯಾಗಿ ಕಟ್ಟಬೇಕೆಂದು ಅಜ್ಜಿ ಇದನ್ನು ಒಗೆದು ಮಡಚಿಟ್ಟಿದ್ದಳು.

"ಹೊಟ್ಟೆ ಕೊಯ್ದಿದ್ವೇ ಇಲ್ಲೆ, ಆಯಿ," ಎಂದ ಅಪ್ಪ. ಡಾಕ್ಟರು ತೊಡೆಯ ಸಂದಿಯ ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ, ಪರದೆಯಲ್ಲಿ ನೋಡುತ್ತ ಗಡ್ಡೆಗೇ ಔಷಧ ಬಿಟ್ಟಿದ್ದರಂತೆ.

"ಕೊಯ್ಯದೇ ಎಂತ ಆಪರೇಶನ್ನು?"

ಅಜ್ಜಿ ನಂಬಲಿಲ್ಲ. ತಂಗಿಯ ಅಂಗಿ ಎತ್ತಿ, ಅಡಿಕೆ ಸುಲಿದು ಒರಟಾದ ಬೆರಳಿನಿಂದ ಹೊಟ್ಟೆಯಿಡೀ ಗಾಯ ಹುಡುಕಿದಳು. ಕಚಗುಳಿಯಾಗಿ ತಂಗಿ ಕಿಲಕಿಲ ನಕ್ಕಳು. ತಿಂಗಳುಗಟ್ಟಲೆ ಮನೆಯಲ್ಲಿ ಆ ನಗು ಕೇಳಿರಲಿಲ್ಲ.

ಅಜ್ಜಿಯ ಕೈ ಅಲ್ಲೇ ನಿಂತಿತು.

"ಸಿಕ್ಕಿದ್ದಿಲ್ಲೆ," ಎಂದಳು. "ತಡಿ, ಇನ್ನೊಂದ್ಸಲ ಹುಡುಕ್ತೆ."