ಮೂವತ್ತೊಂಬತ್ತು ನಿಮಿಷ

ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ನನ್ನ ಗಂಡನ ಅಜ್ಜ ನಡುಮನೆಯ ಗಡಿಯಾರವನ್ನು ಹಳೆಯ ಮುಂಬಯಿ ಟೈಮಿಗೇ ಬಿಟ್ಟಿದ್ದರು. ಹಾಗಾಗಿ ಆ ಕೋಣೆ ಇಂದಿಗೂ ಮೂವತ್ತೊಂಬತ್ತು ನಿಮಿಷ ಹಿಂದಿದೆ.

ಬೆಳಿಗ್ಗೆ ಹತ್ತರ ಬಸ್ಸಿಗೆ ಮಗಳು ಚಂಪಾಳನ್ನು ಹಾಸ್ಟೆಲಿಗೆ ಕಳಿಸಿದೆ. ಗಡಿಬಿಡಿಯಲ್ಲಿ ಬೈಯುತ್ತಲೇ ಜಡೆ ಹೆಣೆದಿದ್ದೆ.

ಬಸ್‌ಸ್ಟ್ಯಾಂಡಿನಿಂದ ಬಂದವಳು ನೇರ ನಡುಮನೆಗೆ ಹೋದೆ. ಅಲ್ಲಿನ್ನೂ ಒಂಬತ್ತೂವರೆ. ಚಂಪಾ ಕೂದಲು ಹರಡಿಕೊಂಡು ಕುಳಿತಿದ್ದಳು.

ಮೈದುನ ಹೊಸ್ತಿಲಾಚೆಯಿಂದ ಛೇಡಿಸಿದ. "ವೈನಿ, ಇವತ್ತರ ಗಡಿಯಾರ ಸರಿ ಮಾಡ್ಲೇನು?"

"ಮುಟ್ಟಿದ್ರ ಕೈ ಮುರೀತೀನಿ!"

ಈ ಸಲ ಚಂಪಾಳಿಗೆ ಬೈಯಲಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ಬಾಚಿದೆ, ಹೆಣೆದೆ.

"ಅವ್ವಾ, ಲಗೂ ಮುಗಸು. ಬಸ್ ತಪ್ಪತೈತಿ."

"ತಪ್ಪೂದಿಲ್ಲವಾ. ನೀ ಆಗ್ಲೇ ಹತ್ತಿ ಹೋಗೀದಿ," ಎಂದು, ಹೆಣೆದ ಜಡೆಯನ್ನು ಮತ್ತೆ ಬಿಚ್ಚಿದೆ.